ಕೊಸರು

ಮಾನಪಾಡಾ ರಸ್ತೆಯ ಮಾರ್ಟಿನ ತಣ್ಣನೆ ಗಾಳಿಯಲ್ಲಿ
ಎಡಗೈಲೊಂದು ಎಣ್ಣೆ ಪಾಕೀಟು, ಬಲಗೈಲೊಂದು,
ನಾನೇ ತಕ್ಕಡಿಯಾಗಿ ನಿಂತಿದ್ದೇನೆ.

ಇದಕ್ಕೆ ನೂರ ನಲವತ್ತೆರಡು. ಅದಕ್ಕೆ ನೂರ ನಲವತ್ತೊಂಬತ್ತು.
ಉಳಿದ ಏಳು ರೂಪಾಯಿಗೆ ಮನಸ್ಸು ಆಗಲೇ
ಅರ್ಧ ಕಟ್ಟು ಕೊತ್ತಂಬರಿ ಕೊಂಡಾಗಿದೆ.
ತಿರುಗಿಸಿದರೆ, ಬೆಸುಗೆಯ ಮಡಿಕೆಯೊಳಗೆ
ಸಾಸಿವೆಗಿಂತ ಸಣ್ಣ ಅಕ್ಷರ:
ಎಂಟುನೂರ ಐವತ್ತು ಮಿಲಿ.
ಲೀಟರಿಗೆ ಕಟ್ಟಿದರೆ ನೂರ ಅರವತ್ತೇಳು!
ಕೊತ್ತಂಬರಿ ವಾಪಸು.

ಬಹುಧಾನ್ಯದ ಹಿಟ್ಟಿನ ಚೀಲದ ಮೇಲೆ ಒಂಬತ್ತು ತೆನೆಗಳ ತೋರಣ,
ಬೆನ್ನಿಗೆ ನೋಡಿದರೆ ಗೋಧಿ ತೊಂಬತ್ತೊಂದು ಪಾಲು,
ಮಿಕ್ಕ ಎಂಟು ಧಾನ್ಯ
ಎಂಟು ಹದಿನಾಲ್ಕರ ಫಾಸ್ಟ್ ಲೋಕಲಿನ ಬಾಗಿಲಲ್ಲಿ
ಬೆರಳ ತುದಿಯಲ್ಲಿ ಜೋತಾಡುತ್ತಿವೆ.
ಬಿಸ್ಕತ್ತಿಗೆ ಹತ್ತೇ ರೂಪಾಯಿ, ನನ್ನ ಮದುವೆಯ ಕಾಲದ್ದು.
ಬೆಲೆ ಅಲ್ಲಾಡಿಲ್ಲ,
ಬಿಸ್ಕತ್ತೇ ಉಪವಾಸ ಕೂತಿದೆ.

ಹಳದಿ ಪಟ್ಟಿ ಕೂಗುತ್ತಿದೆ: ಶೇಕಡಾ ಇಪ್ಪತ್ತು ಹೆಚ್ಚು!
ಯಾವುದಕ್ಕಿಂತ? ಎಂದೆ.
ಕೆಂಪು ಅಂಗಿಯ ಹುಡುಗ ಪಾಕೀಟಿನ ಮುಖ ನೋಡಿದ,
ಅದೇ ಹೇಳಲಿ ಎಂಬಂತೆ.
ಬರೆದಿದೆಯಲ್ಲ ಮಾವಶೀ, ಎಂದ.

ಗಾಲಾ ಸೇಠನ ಅಂಗಡಿಯಲ್ಲಿ ಬರೆದದ್ದೇನೂ ಇರಲಿಲ್ಲ.
ಹಿತ್ತಾಳೆ ತಟ್ಟೆಯ ಅಡಿಗೆ ಅಂಟಿಸಿದ ಹುಣಸೆ ಇತ್ತು.
ಅತ್ತೆ ಅದನ್ನು ಉಗುರಲ್ಲಿ ಕೆರೆದು ತೆಗೆದು
ಗಲ್ಲಾಪೆಟ್ಟಿಗೆಯ ಮೇಲಿಟ್ಟು
ಸಾರಿಗಾಯಿತು, ಎನ್ನುತ್ತಿದ್ದರು.
ಅವನೂ ನಗುತ್ತಿದ್ದ. ತೂಕವಾದ ಮೇಲೂ
ಚೀಲದ ಬಾಯಿ ಮುಚ್ಚದೆ ನಿಂತರೆ
ಒಂದು ಹಿಡಿ ಹೆಸರುಬೇಳೆ ಕೊಸರು.
ಆ ಮೋಸಕ್ಕೆ ಮೀಸೆಯಿತ್ತು,
ಬೈದರೆ ಕೇಳಿಸುತ್ತಿತ್ತು.

ಇಷ್ಟೆಲ್ಲ ಬೈದುಕೊಂಡು ಮನೆಗೆ ಬಂದರೆ
ಹಾಸಿದ ಪೇಪರಿನ ಮೇಲೆ ನಲವತ್ತು ಪಾಕೀಟು ಚಕ್ಕುಲಿ
ಲೇಬಲ್ಲಿಗೆ ಕಾದಿವೆ.

ಅಜ್ಜಿಯ ಕೈರುಚಿ, ಎಂದಿದೆ ಲೇಬಲ್ಲು.
ದುಂಡು ಕುಂಕುಮ, ಬೆಳ್ಳಿ ತುರುಬು, ಬೊಚ್ಚು ನಗೆ.
ನನ್ನ ಒಬ್ಬ ಅಜ್ಜಿ ನಾನು ಹುಟ್ಟುವ ಮೊದಲೇ ಹೋದವಳು,
ಇನ್ನೊಬ್ಬಳ ಕೈರುಚಿ ಕಂಡದ್ದು ನನ್ನ ಬೆನ್ನು ಮಾತ್ರ.
ಈಕೆ ಠಾಕುರ್ಲಿಯ ಪ್ರೆಸ್ಸಿನವನ ಕಂಪ್ಯೂಟರಿನಲ್ಲಿದ್ದವಳು,
ಪುಕ್ಕಟೆ ಸಿಕ್ಕಳು.
ಲಿಫ್ಟಿನಲ್ಲಿ ಓಕ್ ಕಾಕೂ ಕೇಳುತ್ತಾರೆ, ಆಜೀ ಕಶಾ ಆಹೇತ?
ಮೊಣಕಾಲು ನೋವು, ಎಂದುಬಿಟ್ಟೆ ಒಮ್ಮೆ.
ಅಂದಿನಿಂದ ಅವಳಿಗೆ ಮೊಣಕಾಲು ನೋವು.
ಎಣ್ಣೆಯ ಬಾಟಲಿ ಕೊಟ್ಟು ಕಳಿಸಿದ್ದಾರೆ, ಹಚ್ಚಲಿಕ್ಕೆ.

ಲೇಬಲ್ಲಿನಲ್ಲಿ ಇನ್ನೂರೈವತ್ತು ಗ್ರಾಂ.
ಎರಡು ಸಾವಿರ ಅಚ್ಚು ಹಾಕಿಸಿದ್ದು, ಮುಗಿಯಲಿ ಎಂದು ಇಟ್ಟಿದ್ದೇನೆ.
ಗಣಪತಿ ಹಬ್ಬದಿಂದ ತುಂಬುತ್ತಿರುವುದು ಇನ್ನೂರಿಪ್ಪತ್ತೈದು.
ಬೆಣ್ಣೆ ಏರಿತು, ಉದ್ದು ಏರಿತು,
ಗಿರಾಕಿ ಏರುವುದಿಲ್ಲ.
ಸೊರಗಿ ಕಾಣದಿರಲೆಂದು ಬೆಸೆಯುವ ಮುನ್ನ
ಒಳಗೆ ಕೊಂಚ ಗಾಳಿ ಬಿಡುತ್ತೇನೆ,
ಒಂದು ಉಸಿರಿನಷ್ಟು.

ಇವತ್ತು ಮೆಷಿನ್ನು ಬಿಸಿಯಾಗುವ ತನಕ
ಸುಮ್ಮನೆ ಕೂತಿದ್ದೆ.
ಆಮೇಲೆ ಎದ್ದು ಪ್ರತಿ ಪಾಕೀಟಿಗೂ
ಒಂದೊಂದು ಚಕ್ಕುಲಿ ಕೊಸರು ಹಾಕಿದೆ.
ತೂಗಿ ನೋಡಿದೆ: ಇನ್ನೂರ ಮೂವತ್ತೆಂಟು.

ಅಜ್ಜಿ ನಗುತ್ತಲೇ ಇದ್ದಾಳೆ,
ಚೀಲದ ಬಾಯಿ ಮುಚ್ಚದೆ.