ಐವತ್ತೆರಡು ಗ್ರಾಂ

ಕೌಲ್‌ಬಜಾರಿನ ಚರ್ಚಿನ ಹಿಂದಿನ ಕೋಣೆಯಲ್ಲಿ
ಒಂದು ಪಿಯಾನೋ.
ದಂಡು ಬಿಟ್ಟು ಹೋದದ್ದು ಅನ್ನುತ್ತಾರೆ ಕೆಲವರು,
ಮದ್ರಾಸಿನಿಂದ ಲಾರಿಯಲ್ಲಿ ಬಂತು ಅನ್ನುತ್ತಾರೆ ಕೆಲವರು.
ನನಗೆ ಗೊತ್ತಿರುವುದು ಅದರ ಹೊಟ್ಟೆಯೊಂದೇ.

ಹಾರ್ಮೋನಿಯಂ ರಿಪೇರಿಯವನು ನಾನು.
ನಾಟಕದ ಕಂಪನಿಗಳ ಹರಿದ ತಿದಿಗೆ
ನಲವತ್ತು ವರ್ಷ ತೇಪೆ ಹಾಕಿದವನು.
ಅದು ಉಸಿರಿನ ವಾದ್ಯ. ಇದು ಏಟಿನದು:
ಇಲ್ಲಿ ಬೆರಳು ಇಳಿದರೆ
ಒಳಗೆಲ್ಲೋ ಕತ್ತಲಲ್ಲಿ
ಒಂದು ಸುತ್ತಿಗೆ ಏಳಬೇಕು.

‘ಮಲಂಗಸಾಬ್, ಹುಡುಗೀಗೆ ಪಟ್ಟಿ ಭಾರ ಆಗ್ತಾವ’
ಅಂದರು ಗ್ರೇಸಮ್ಮ ಟೀಚರು.
ಹುಡುಗಿ ಸುವಾರ್ತಾ. ಒಂಬತ್ತು ವರ್ಷ.
ಕಿರುಬೆರಳಿನ ತುದಿಗಣ್ಣು
ಒತ್ತಿದಾಗಲೆಲ್ಲ ಒಳಗೆ ಬಾಗಿ
ಎಳೆ ಬೆಂಡೆಯ ಹಾಗೆ.
ನುಡಿಸಿ ಮುಗಿಸಿ ಮುಂಗೈ ನೀವಿಕೊಳ್ಳುತ್ತಾಳೆ,
ಯಾರೂ ನೋಡದ ಹಾಗೆ.

ಬ್ರೂಸ್‌ಪೇಟೆಯ ವೀರಾಚಾರಿಯ ಹತ್ತಿರ
ಬಂಗಾರ ತೂಗುವ ಹಿತ್ತಾಳೆ ಬೊಟ್ಟು ಕೇಳಿ ತಂದೆ.
‘ಮದುವಿ ಸೀಜನ್ನು, ಸಂಜೀಗೆ ವಾಪಸ್ ಬೇಕು.’

ಪಟ್ಟಿಯ ತುದಿಗೆ ಬೊಟ್ಟು ಇಟ್ಟೆ. ಇನ್ನೊಂದು. ಇನ್ನೊಂದು ಸಣ್ಣದು.
ಅರವತ್ತೆಂಟು ಗ್ರಾಮಿಗೆ ಇಳಿಯಿತು, ಮನಸ್ಸಿಲ್ಲದೆ.
ಒಂದೊಂದೇ ತೆಗೆದೆ. ಏಳಲಿಲ್ಲ.
ಹದಿನೆಂಟು ಉಳಿದಾಗ ಎದ್ದಿತು,
ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿದವರ ಹಾಗೆ.

ಅಂದರೆ ಭಾರ ಅಲ್ಲ. ತಿಕ್ಕಾಟ.
ಬಿಚ್ಚಿದೆ. ಗುಂಡುಸೂಜಿಗಿಂತ ಸಣ್ಣ ಮೊಳೆಗಳ ಸುತ್ತ
ಸಂಡೂರಿನ ಕೆಂಪು.
ಅದಿರಿನ ಲಾರಿಗಳು ಬೀದಿಯಲ್ಲಿ ಹೋದದ್ದು
ಇಲ್ಲಿ ಬಂದು ಕೂತಿತ್ತು, ಎಂಬತ್ತೆಂಟು ಪಟ್ಟಿಗಳಲ್ಲೂ.
ಹನ್ನೊಂದು ದಿನ ಒರೆಸಿದೆ.
ನನ್ನ ಉಗುರು ಇನ್ನೂ ಕೆಂಪಗಿವೆ.

ಈಗ ಐವತ್ತಾರು. ಟೀಚರು ನಲವತ್ತಕ್ಕೆ ಇಳಿಸು ಅಂದರು,
ಕೂಸಲ್ಲವಾ ಅಂದರು.
ಕೂಸು ಹೌದು. ಆದರೆ ನಾಳೆ ಹೊರ ಊರಿನ ಪರೀಕ್ಷೆಯಲ್ಲಿ
ಇವಳಿಗೆಂದು ಯಾವ ಪಿಯಾನೋ ಮೆತ್ತಗಾಗುತ್ತದೆ?

ಅವಳ ತಾಯಿ ಎಸ್ತೇರಮ್ಮ ಜೀನ್ಸ್ ಹೊಲಿಯುವವಳು,
ದಿನಕ್ಕೆ ನೂರಾನಲವತ್ತು ಜೇಬು.
ಬಾಗಿಲಲ್ಲೇ ನಿಂತು ಹೇಳಿದಳು:
‘ನಾ ಕೆಲಸಕ್ಕ ಸೇರಿದಾಗ ಪೆಡ್ಲು ಸಡಿಲ ಮಾಡಿ ಕೊಟ್ಟಿದ್ರು.
ಆಮ್ಯಾಲೆ ಒಂದೊಂದು ತಿರುವು ಬಿಗಿ ಮಾಡಿದ್ರು.
ನಂಗ ಗೊತ್ತಾಗ್ಲೇ ಇಲ್ಲ.’

ಹಗುರ ಮಾಡಲು ಸೀಸ ಸೇರಿಸಬೇಕು.
ಯಾರಿಗೆ ಹೇಳಿದರೂ ನಂಬುವುದಿಲ್ಲ.
ಬೆರಳಿನ ಕಡೆಗೆ ಒಂದು ಚೂರು ಭಾರ ಕೂತರೆ
ಬೆರಳು ಹೊರಬೇಕಾದದ್ದು ಅಷ್ಟು ಕಡಿಮೆ.
ಸಿರುಗುಪ್ಪ ರಸ್ತೆಯ ಟೈರ್ ಅಂಗಡಿಯಲ್ಲಿ
ಚಕ್ರಕ್ಕೆ ಅಂಟಿಸುವ ಸೀಸದ ತುಂಡು ಸಿಗುತ್ತವೆ.
ಕೊರೆದು ಕೂರಿಸಲಿಲ್ಲ, ಬರೇ ಅಂಟಿಸಿದೆ,
ಪಟ್ಟಿಯ ಕೆಳಗೆ, ಬೆಳಕು ಬೀಳದ ಕಡೆ.
ಐವತ್ತಾರು ನಲವತ್ತನಾಲ್ಕಾಯಿತು.

ಸುವಾರ್ತಾ ಕೂತಳು. ನುಡಿಸಿದಳು.
ಮುಂಗೈ ಮುಟ್ಟಿಕೊಳ್ಳಲಿಲ್ಲ.
ತಿರುಗಿ ನನ್ನನ್ನು ನೋಡಿದಳು,
ಯಾರೋ ಬಿಂದಿಗೆ ಇಳಿಸಿಕೊಟ್ಟ ಹಾಗೆ.

ಆಮೇಲಿನದು ನನ್ನ ಕಳ್ಳತನ.
ತಿಂಗಳಿಗೊಮ್ಮೆ, ಬುಧವಾರ, ಚರ್ಚು ಖಾಲಿ ಇದ್ದಾಗ
ಹೋಗಿ ಒಂದಿಷ್ಟು ಸೀಸ ಕಿತ್ತು ತರುತ್ತೇನೆ.
ಅಡಿಕೆ ಡಬ್ಬಿಯಲ್ಲಿ ಹಾಕಿಡುತ್ತೇನೆ.
ನಲವತ್ತಾರು. ನಲವತ್ತೆಂಟು.
ನಲವತ್ತೊಂಬತ್ತಕ್ಕೆ ಎರಡು ತಿಂಗಳು ನಿಲ್ಲಿಸಿದೆ,
ಅವಳಿಗೆ ಜ್ವರ ಬಂದಿತ್ತು.

ಹೋದ ವಾರ ಐವತ್ತೆರಡು.
ಬಾಗಿಲ ಹೊರಗೆ ಸೈಕಲ್ ಹಿಡಿದು ಕೇಳುತ್ತಿದ್ದೆ.
ಒಂದು ಕಡೆ ನಿಂತಳು. ಮತ್ತೆ ನುಡಿಸಿದಳು. ಮತ್ತೆ ನಿಂತಳು.
‘ಟೀಚರ್, ನಾ ಈ ವಾರ ಸರಿಯಾಗಿ ಪ್ರಾಕ್ಟೀಸ್ ಮಾಡಿಲ್ಲ ಅನ್ಸುತ್ತ.’
ಮಾಡಿದ್ದಳು. ನನಗೆ ಗೊತ್ತು, ದಿನಾ ಮಾಡಿದ್ದಳು.

ಒಳಗೆ ಹೋಗಿ ಹೇಳಬೇಕಿತ್ತು.
ಹೇಳಲಿಲ್ಲ.
ಅವಳು ಮೊದಲಿಂದ ಶುರು ಮಾಡಿದಳು,
ಕಿರುಬೆರಳು ಈ ಸಲ ಬಾಗಿದ ಹಾಗೆ ಕೇಳಿಸಲಿಲ್ಲ.
ಜೇಬಿನಲ್ಲಿ ಡಬ್ಬಿ
ಒಂದು ಕಡೆಗೆ ಅಂಗಿಯನ್ನು ಎಳೆಯುತ್ತಿತ್ತು.