ಗೆರೆಯ ದಪ್ಪ

ಲಿಂಗಸುಗೂರಿನಾಚೆ ಎರೆಹೊಲ.
ಸರಪಳಿಯ ಆ ತುದಿ ಖಾಜಾಸಾಬರು, ಈ ತುದಿ ನಾನು,
ಕಲಿಯಲು ಬಂದು ಒಂಬತ್ತು ದಿನ.
"ಜಗ್ಗಿ ಹಿಡಿ, ದುರುಗಮ್ಮ.
ಬಿಸಿಲಿಗೆ ಸರಪಳಿ ಹಿಗ್ಗತದ, ಹೊಲ ಕುಗ್ಗತದ.
ಹನ್ನೊಂದರೊಳಗ ಮುಗಿಸೋಣು."

ಜಾಲಿಕಂಟಿ ಸರಿಸಿ ಬಾಂದುಕಲ್ಲು ಹುಡುಕಿದೆವು.
ಒಂದು ಸಿಕ್ಕಿತು. ಇನ್ನೊಂದು
ಯಾರದೋ ಹಿತ್ತಲಲ್ಲಿ
ಬಟ್ಟೆ ಒಗೆಯುವ ಕಲ್ಲಾಗಿತ್ತು.

ಮೂವತ್ಮೂರು ಅಡಿಗೆ ಹದಿನಾರು ಆಣೆ:
ಅಂಗಡಿ ಬಿಟ್ಟುಹೋದ ಆಣೆ
ಇಲ್ಲಿನ್ನೂ ಚಲಾವಣೆಯಲ್ಲಿದೆ.

ಸಂಜೆ ನಕ್ಷೆ ಎಳೆದೆ.
ಸಾಬರು ಕನ್ನಡಕ ಹಣೆಗೇರಿಸಿ, ಕಾಗದ ಮೂಗಿಗೆ ತಂದು:
"ಪೆನ್ಸಿಲ್ ಮೊಂಡ.
ನಿನ್ನ ಗೆರಿಯೊಳಗ ಒಂದು ಬದು ಮುಳುಗೇದ,
ಮ್ಯಾಲ ನಿಂತ ಬೇವಿನಗಿಡಾನೂ."

ಅದರ ನೆರಳಲ್ಲೇ ನಾವು ಬುತ್ತಿ ಬಿಚ್ಚಿದ್ದು.
ಎರಡೂ ಹೊಲದವರು ನೀರು ಕೊಟ್ಟಿದ್ದರು,
ಬೇರೆ ಬೇರೆ ತಂಬಿಗೆಯಲ್ಲಿ.

ಬ್ಲೇಡು ತೆಗೆದು
ಮತ್ತೆ ಹೆರೆಯತೊಡಗಿದೆ.