ಹನ್ನೊಂದು ನಿಮಿಷ

ಬೆಳಗಿನ ನಾಲ್ಕು. ಕ್ಲಾಕ್ಸ್ವಿಕ್ ಬಂದರಿನಲ್ಲಿ
ಸೆಳವು ತಿರುಗುವ ಹೊತ್ತು ತೋರಿಸುವ ಹಲಗೆ ಕಪ್ಪಾಗಿದೆ.
ಕ್ಯಾಪ್ಟನ್ ಫೋನು ಮಾಡಿ ಬಯ್ದದ್ದು ಇಷ್ಟೇ:
'ಹಡಗಿದೆ, ಕಡಲಿದೆ, ಹೊತ್ತೇ ಇಲ್ಲ.'

ಉಣ್ಣೆಯಂಗಿಯ ಮೇಲೊಂದು ಉಣ್ಣೆಯಂಗಿ ತೊಟ್ಟು
ಅಡುಗೆಮನೆಯ ಮೇಜಿಗೆ ಕೂತ ಮಾರ್ಯುನ್
ಪರದೆಯನ್ನು ಕೇಳುತ್ತಾಳೆ: ಯಾರಿದ್ದೀರಿ?
ಯಾರೂ ಇಲ್ಲ.
ಸತ್ತವರನ್ನೂ ಸೇರಿಸಿ ಹೇಳು.
ಹದಿನೇಳು ಸಾಲು.
ಹೆಸರಿಡದೆ ಬಿಟ್ಟವಕ್ಕೆ ಯಂತ್ರವೇ ಹೆಸರಿಟ್ಟಿದೆ:
ಒಬ್ಬ ಮುಂಗೋಪಿ ಖಗೋಳಜ್ಞ,
ಒಬ್ಬಳು ನಿದ್ದೆಗಣ್ಣಿನ ಗಣಿತಗಾರ್ತಿ.
ಎಲ್ಲರ ಮರಣಪತ್ರದಲ್ಲೂ ಅದೇ ಅಂಕೆ, ನೂರಾ ಮೂವತ್ತೇಳು.
ಅಂದರೆ, ಮೆಮೊರಿ ಸಾಲದೆ
ಮನೆಯ ಯಜಮಾನನೇ ಕತ್ತು ಹಿಸುಕಿದ್ದು.

ಅಳುವಂಥದ್ದೇನಲ್ಲ.
ಕಂಟೇನರಿಗೆ ಸಾವು ಕಟ್ಟಿಟ್ಟ ಬುತ್ತಿ.
ಬುತ್ತಿಯೇ ಅದು: ಬಿಚ್ಚು, ಉಣ್ಣು, ಎಸೆ, ಮತ್ತೆ ಕಟ್ಟು.
ಉಳಿಯಬೇಕಾದ್ದನ್ನು ಒಳಗಿಡಬೇಡ, ಹೊರಗಿಡು
ಎಂದು ಕಲಿಸಿದವನು ಹಾನುಸ್.
ಈಗ ಕುರಿ ಸಾಕುತ್ತಾನೆ. ಫೋನು ಎತ್ತುವುದಿಲ್ಲ.

ಆದರೂ ಇಷ್ಟೇಕೆ ಭಾರ, ಈ ಪುಟ್ಟ ಬುತ್ತಿ?
ಇಮೇಜಿನ ಚರಿತ್ರೆ ತೆಗೆದು ಪದರ ಪದರ ಇಳಿದಳು.
ಎಂಟನೆಯದರಲ್ಲಿ ಹಾನುಸ್ ಏನನ್ನೋ ಅಳಿಸಿದ್ದಾನೆ.
ಇಲ್ಲಿ ಅಳಿಸುವುದೆಂದರೆ
ಮೇಲೊಂದು ಚಾಪೆ ಹಾಸುವುದು, ಅಷ್ಟೇ.
ಏಳನೆಯದರಲ್ಲಿ ಎಲ್ಲವೂ ಹಾಗೇ ಇದೆ:
ಬಂದರಿನ ಗೋಡೆಯ ನಾನೂರು ಫೋಟೋ,
ದಿನಕ್ಕೊಂದು, ಪಾಚಿಯ ಮೇಲೆ ನೀರು ಬಂದು ನಿಂತ ಗೆರೆ.
ಜೊತೆಗೊಂದು ಕಡತ, ಎರಡೇ ಸಾಲು:
ಲೆಕ್ಕ ಹನ್ನೊಂದು ನಿಮಿಷ ಹಿಂದಿದೆ.
ಗೋಡೆ ಸರಿಯಿದೆ.

ಮಾರ್ಯುನ್‌ಳ ಕೈ ತಣ್ಣಗಾಯಿತು.
ಯಾಕಿದೆಯೋ ಯಾರಿಗೂ ಗೊತ್ತಿಲ್ಲದ ಒಂದು ಹನ್ನೊಂದನ್ನು
ನಿನ್ನೆ ಮಧ್ಯಾಹ್ನ, ಕಸವೆಂದು,
ಅವಳೇ ಕೋಡಿನಿಂದ ಕಿತ್ತಿದ್ದಳು.

ಮತ್ತೆ ಬರೆದಳು. ಈ ಸಲ ಪಕ್ಕದಲ್ಲಿ ಕಾರಣವನ್ನೂ.
ಕಟ್ಟಲು ಹೇಳಿ ಕಾಫಿಗೆ ನೀರಿಟ್ಟಳು.
ನೀರು ಕುದಿಯಿತು, ಬುತ್ತಿ ಇನ್ನೂ ಕಟ್ಟುತ್ತಲೇ ಇತ್ತು.
ಓಡಿಸುವಾಗ ಮೆಮೊರಿಯ ಮಿತಿ ಕೊಂಚ ಸಡಿಲಿಸಿ
ತಾನೇ ಹೆಸರಿಟ್ಟಳು: ಗೋಡೆ.

ಹಳೆಯದನ್ನೆಲ್ಲ ಗುಡಿಸಿಬಿಡಲೇ, ಖಂಡಿತವೇ,
ಎಂದು ಪರದೆ ಕೇಳಿದ್ದಕ್ಕೆ
ಬೇಡ ಅಂದಳು.

ಕಿಟಕಿಯಾಚೆ, ಕೆಳಗೆ, ಹಲಗೆ ಹೊತ್ತಿಕೊಂಡಿತು.
ಕ್ಯಾಪ್ಟನ್ ಥ್ಯಾಂಕ್ಸ್ ಹೇಳುವವನಲ್ಲ,
ಒಮ್ಮೆ ಹಾರ್ನ್ ಊದಿದ.
ಸೋರಿಕೆ ಎಲ್ಲಿದೆಯೋ ಇನ್ನೂ ಸಿಕ್ಕಿಲ್ಲ.
ಗುರುವಾರದ ಹೊತ್ತಿಗೆ ಇದೂ ಸಾಯುತ್ತದೆ.
ಅವಳು ಮೇಲಿನ ಅಂಗಿ ಕಳಚಿ
ಕುರ್ಚಿಗೆ ಹಾಕಿದಳು.